ಗೇರ್‌ಬಾಕ್ಸ್ ಕಾಕಾ

ಹಾನಗಲ್ಲ ಕಡೆಯ ಕಬ್ಬು ಹೇರಿಕೊಂಡು ಸಂಗೂರು ಸಕ್ಕರೆ ಕಾರ್ಖಾನೆಗೆ ಹೊರಟ ಜೋಡಿ ಟ್ರೇಲರಿನ ಟ್ರ್ಯಾಕ್ಟರು ಏರಿನಲ್ಲಿ ನಿಂತಿತೆನ್ನಿ. ಡ್ರೈವರ್ ಕೆಳಗಿಳಿಯುವ ಮೊದಲೇ ಕಾಕಾ ಬಂದಿರುತ್ತಾನೆ. ಎಲ್ಲಿಂದ ಬಂದ ಎಂದು ಕೇಳಬಾರದು. ಶಿಗ್ಗಾವಿಯ ಹೈವೇ ಬದಿಗೆ ಇಂಥವನೊಬ್ಬ, ಸವಣೂರಿನಲ್ಲೊಬ್ಬ. ಹಿರೇಕೆರೂರಿನಲ್ಲಿ ಇಬ್ಬರು, ಅವರಿಗೆ ಪರಸ್ಪರ ಮಾತಿಲ್ಲ. ಕಾಕಾನ ಸ್ವಂತ ವಾಹನ ಸೈಕಲ್ಲು. ಅದರ ಚೈನ್ ಬಿದ್ದರೆ ಅಂಗಡಿಗೆ ನೂಕಿಕೊಂಡು ಹೋಗುತ್ತಾನೆ.

ಮೊದಲ ಪರೀಕ್ಷೆ ಅಂಗೈಯದು. ಗೇರ್‌ಬಾಕ್ಸ್ ಮೇಲೆ ಇಟ್ಟು, ಹಾ ಎಂದು ಕಿತ್ತು, “ಕಾದೈತಿ” ಎನ್ನುತ್ತಾನೆ. 60 ಡಿಗ್ರಿಯ ಕಬ್ಬಿಣದ ಮೇಲೆ ಯಾರ ಕೈ ನಿಂತೀತು? ಭಾರ ಎಳೆಯುವ ಗೇರ್‌ಬಾಕ್ಸ್ 80-90 ಮುಟ್ಟುವುದು ಮಾಮೂಲು. ಹಾಗಾಗಿ ಎರಡನೆಯ ಪರೀಕ್ಷೆ: ನಾಲ್ಕು ಹನಿ ನೀರು. ಚುಂಯ್ ಎಂದಿತೋ, 100 ದಾಟಿದೆ. ಇದಕ್ಕೆ ಯಾವ ಇಂಜಿನಿಯರನೂ ತಕರಾರು ತೆಗೆಯಲಾರ. ನೀರು ಮಾತ್ರ ಡ್ರೈವರನ ಬಾಟಲಿಯದು.

ಆಮೇಲೆ ಡಿಪ್‌ಸ್ಟಿಕ್ ಎಳೆದು, ಎಣ್ಣೆಯನ್ನು ಎರಡು ಬೆರಳಲ್ಲಿ ತಿಕ್ಕಿ, ಮೂಸಿ, ಕಣ್ಣು ಮುಚ್ಚುತ್ತಾನೆ. ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಹಾನಗಲ್ಲ ಗದ್ದೆಯ ತಪ್ಪು: ಕೆಸರು ಹೂಡುವಾಗ ಸವೆದ ಸೀಲಿನೊಳಗೆ ನೀರು ನುಗ್ಗಿದೆ. ಕಪ್ಪಾಗಿ ಕಮರು ಹೊಡೆದರೆ ಹಿರೇಕೆರೂರ ಏರಿನದು. ಬೆಳ್ಳಿಪುಡಿ ಮಿನುಗಿದರೆ “ಶಿಗ್ಗಾವಿ ಹೈವೇದಾಗ ಬಡದು ಹಲ್ಲು ತಿಂದಾರ.” ಸವಣೂರಿನ ಮೇಲೆ ಮಾತ್ರ ಎಂದೂ ತಪ್ಪು ಹೊರಿಸುವುದಿಲ್ಲ, ಇನ್ನೊಂದು ಕೈಯಲ್ಲಿರುವ ಖಾರದ ಪೊಟ್ಟಣ ಅಲ್ಲಿಯದು. ಎಣ್ಣೆಬೆರಳನ್ನು ಡ್ರೈವರನ ಟವೆಲಿಗೆ ಒರೆಸಿ, ಮತ್ತೆ ಪೊಟ್ಟಣಕ್ಕೆ ಕೈಹಾಕುತ್ತಾನೆ.

ನಗುವವರು ನಗಲಿ, ಒಂದು ವಿಷಯದಲ್ಲಿ ಕಾಕಾ ಗಟ್ಟಿಗ. ಅವನು ಡ್ರೈವರನ ಚಪ್ಪಲಿ ನೋಡುತ್ತಾನೆ. ಎಡಗಾಲಿನದು ಹೆಚ್ಚು ಸವೆದಿದೆ. “ಕ್ಲಚ್ ಮ್ಯಾಲಿಂದ ಕಾಲ ತಗಿಯೂದ ಇಲ್ಲೇನೊ ತಮ್ಮಾ?” ಅರ್ಧ ಒತ್ತಿದ ಕ್ಲಚ್ಚಿನಲ್ಲಿ ಪ್ಲೇಟು ಜಾರುತ್ತದೆ, ಇಂಜಿನ್ ಅರಚುತ್ತದೆ, ಚಕ್ರ ಮಾತ್ರ ಸಾವಕಾಶ. ಸುಟ್ಟ ವಾಸನೆ ಬರುವುದು ಮುಂದಿನ ಬೆಲ್ ಹೌಸಿಂಗಿನಿಂದ, ಬೈಗುಳ ಬೀಳುವುದು ಹಿಂದಿನ ಗೇರ್‌ಬಾಕ್ಸಿಗೆ. ಗ್ಯಾರೇಜಿನವರು ಟ್ರ್ಯಾಕ್ಟರನ್ನು ಎರಡು ಹೋಳು ಮಾಡಿ ಕಂಡುಹಿಡಿಯುವುದನ್ನು ಇವನು ಚಪ್ಪಲಿಯಲ್ಲಿ ಓದುತ್ತಾನೆ. ಅಲ್ಲಿಗೆ ನಿಲ್ಲಿಸಿದರೆ ಎಲ್ಲರಿಗೂ ಒಳ್ಳೆಯದಿತ್ತು. ನಿಲ್ಲಿಸುವುದಿಲ್ಲ. 90 ನಂಬರ್ ಎಣ್ಣೆ ಈಗ ಮೊದಲಿನಂತಿಲ್ಲ ಎಂಬಲ್ಲಿಂದ ಹಿಡಿದು ಸರಕಾರದವರೆಗೆ ಹೋಗುತ್ತಾನೆ.

ಅವನು ಎತ್ತದ ವಿಷಯ ಒಂದೇ, ಹೇರು. ಎರಡೂ ಟ್ರೇಲರುಗಳಲ್ಲಿ ಕಬ್ಬು ಸವಣೂರ ದೊಡ್ಡಹುಣಸೆ ಮರದ ಹಾಗೆ ಉಬ್ಬಿ ರಸ್ತೆಯ ಅರ್ಧ ನುಂಗಿರುತ್ತದೆ. ಕೊನೆಗೆ ಡ್ರೈವರನೇ ಬಾಯಿ ಬಿಡುತ್ತಾನೆ: “ಲೋಡ್ ಜಾಸ್ತಿ ಆಗೇತಿ ಕಾಕಾ. ಒಂದು ಟ್ರೇಲರ್ ಇಲ್ಲೇ ಬಿಟ್ಟು, ಅದನ್ನ ಆಮೇಲೆ ಒಯ್ತೇನಿ.”

ಕಾಕಾ ಉತ್ತರಿಸುವುದಿಲ್ಲ. ಹಿಂದಿನ ಟ್ರೇಲರಿನಿಂದ ದಪ್ಪನೆಯ ಜಲ್ಲೆಯೊಂದನ್ನು ಹಿರಿದು, ಮೊಣಕಾಲಿಗೆ ಹಾಕಿ ಲಟಕ್ಕನೆ ಮುರಿದು ಬಾಯಿಗಿಡುತ್ತಾನೆ.

“ತಡಿಯೋ, ಹಗರ ಮಾಡಾಕ ಹತ್ತೇನಲ್ಲ.”