ಎಡಗಾಳಿಯ ಎಡವಟ್ಟು

ನಮ್ಮಲ್ಲಿ ಬಲಕ್ಕಿರುವ ಮರ್ಯಾದೆ ಎಡಕ್ಕಿಲ್ಲ. ಸೊಸೆ ಬಲಗಾಲಿಟ್ಟು ಒಳಗೆ ಬರಬೇಕು, ತೀರ್ಥಕ್ಕೆ ಬಲಗೈ ಒಡ್ಡಬೇಕು. ಎಡಮಗ್ಗುಲಲ್ಲಿ ಎದ್ದ ದಿನ ಆಗುವುದೆಲ್ಲ ಎಡವಟ್ಟೇ. ಈ ಪಕ್ಷಪಾತ ನೀರಿನ ಮೇಲೂ ಉಂಟೆಂದು ತಿಳಿಯಲು ನಾನು ಐವತ್ತು ದಾಟಬೇಕಾಯಿತು, ನೆತ್ತಿಯೂ ನಿಂಬೆಹಣ್ಣಿನಷ್ಟು ಊದಿಕೊಳ್ಳಬೇಕಾಯಿತು.

ಹೈದರಾಬಾದಿನಲ್ಲಿರುವ ನನ್ನ ಬಾಮೈದನಿಗೆ ಹಾಯಿದೋಣಿಯ ಹುಚ್ಚು. ಒಂದು ಭಾನುವಾರದ ಪಂದ್ಯಕ್ಕೆ ಮುನ್ನಾದಿನ ಅವನ ಜೊತೆಗಾರನಿಗೆ ಜ್ವರ ಬಂತು. "ಬನ್ನಿ ಭಾವ, ಸುಮ್ಮನೆ ಕೂತರೆ ಸಾಕು, ನಿಮ್ಮ ತೂಕ ಉಪಯೋಗಕ್ಕೆ ಬರುತ್ತೆ" ಅಂದ. ನನ್ನ ತೂಕವನ್ನು ಹೊಗಳಿದವರು ಅದುವರೆಗೆ ಯಾರೂ ಇರಲಿಲ್ಲ. ಹೊರಟೇಬಿಟ್ಟೆ.

ಹುಸೇನ್ ಸಾಗರದ ನಡುವೆ ಬುದ್ಧ ನಿಶ್ಚಲನಾಗಿ ನಿಂತಿದ್ದ. ಸುತ್ತ ನಾವು ಇಪ್ಪತ್ತು ದೋಣಿಯವರು ಅಡ್ಡಾದಿಡ್ಡಿ. ಅಡ್ಡಾದಿಡ್ಡಿ ಅನ್ನಿಸಿದ್ದು ನನಗೆ ಮಾತ್ರ. ಗಾಳಿಗೆ ಎದುರಾಗಿ ನೇರ ಹೋಗಲಾಗದು, ಹಾವಿನ ಹಾಗೆ ಓರೆಯೋರೆಯಾಗಿ ಸಾಗಬೇಕು. ಹೀಗಾಗಿ ದಾರಿಗಳು ಕತ್ತರಿ ಹಾಕಿಕೊಳ್ಳುತ್ತವೆ. ಸಿಗ್ನಲ್ ಇಲ್ಲ, ಪೊಲೀಸಪ್ಪ ಇಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಬ್ರೇಕ್ ಇಲ್ಲ. ಬಲಗಡೆಯಿಂದ ಗಾಳಿ ಬೀಸುತ್ತಿರುವ ದೋಣಿಗೆ ಎಡಗಡೆಯಿಂದ ಗಾಳಿ ಪಡೆಯುವ ದೋಣಿ ದಾರಿ ಬಿಡಬೇಕು, ಅಷ್ಟೆ. ಇಬ್ಬರಿಗೂ ಒಂದೇ ಕಡೆಯ ಗಾಳಿಯಿದ್ದು ದೋಣಿಗಳು ಅಕ್ಕಪಕ್ಕ ಬಂದರೆ, ಗಾಳಿಯ ಕಡೆಗಿರುವವನು ಸರಿಯಬೇಕು. ಫ್ಯಾನಿನ ಕೆಳಗೆ ಜಾಗ ಹಿಡಿದವನು ಪಕ್ಕದವನಿಗಾಗಿ ಒತ್ತಿಕೊಂಡು ಕೂರುವ ಹಾಗೆ. ನಮ್ಮ ಮದುವೆಮನೆಗಳಲ್ಲಿ ಈ ನಿಯಮ ಇನ್ನೂ ಜಾರಿಯಾಗಿಲ್ಲ.

ಈ ನಿಯಮಗಳಿಗೊಂದು ಪಂಚಾಂಗವಿದೆ. ನಾಲ್ಕು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಈಗಿನದು 2025ರಿಂದ 2028ರವರೆಗಿನದು. ಬಾಮೈದ ಅದನ್ನು ರಾತ್ರಿಯೇ ನನ್ನ ಕೈಗಿತ್ತಿದ್ದ. ನಿದ್ದೆ ಬಹಳ ಚೆನ್ನಾಗಿ ಬಂತು.

ನಮ್ಮದು ಎಡಗಾಳಿ. ಆಗ ಹಾಯಿ ಬಲಕ್ಕೆ ವಾಲಿರುತ್ತದೆ, ನಾವು ದಾರಿ ಬಿಡಬೇಕಾದ ದೋಣಿಯೂ ಬಲದಿಂದಲೇ ಬರುತ್ತದೆ, ಅಂದರೆ ಸರಿಯಾಗಿ ಹಾಯಿಯ ಮರೆಯಲ್ಲಿ. ಮುಂದಿನ ಹಾಯಿಯಡಿ ಬಗ್ಗಿ ನೋಡುತ್ತಿರುವುದು ನನ್ನ ಕೆಲಸ. ಬಗ್ಗಿದೆ. ಹದಿನೈದು ವರ್ಷದ ಹುಡುಗಿಯೊಬ್ಬಳು ಬಿರುಗಾಳಿಯಂತೆ ಬರುತ್ತಾ "ಸ್ಟಾರ್‌ಬೋರ್ಡ್!" ಎಂದು ಕೂಗಿದಳು. ಬಲಗಾಳಿ ನನ್ನದು, ದಾರಿ ಬಿಡಿ ಎಂದು ಅದರರ್ಥವಂತೆ. ನಮಸ್ಕಾರದ ಒಂದು ಬಗೆ ಇರಬೇಕೆಂದು ನಾನು ಕೈ ಬೀಸಿದೆ.

"ಏನು ಭಾವ, ಯಾರಾದರೂ ಇದ್ದಾರಾ?"

"ಯಾರೋ ಪರಿಚಯದವರು ಕಣೋ."

ಅವನು ಬಗ್ಗಿ ನೋಡಿ, ಅಯ್ಯಯ್ಯೋ ಎಂದು ಚುಕ್ಕಾಣಿ ತಳ್ಳಿದ. ಹಾಯಿಯ ಅಡ್ಡಗೋಲು ಸುಯ್ಯೆಂದು ಬಂದು ನನ್ನ ನೆತ್ತಿಗೆ ಮಂಗಳಾಕ್ಷತೆ ಹಾಕಿತು. ಹುಡುಗಿ ಸರಕ್ಕನೆ ತಿರುಗಿಸಿ ತಪ್ಪಿಸಿಕೊಂಡಳು. ಹಕ್ಕು ತನ್ನದೆಂದು ಬಂದು ಗುದ್ದುವಂತಿಲ್ಲ, ಎದುರಿನವನು ಸರಿಯುವುದಿಲ್ಲವೆಂದು ಸ್ಪಷ್ಟವಾದರೆ ಅವಳೂ ತಪ್ಪಿಸಲೇಬೇಕು. ತಪ್ಪಿಸಿದವಳು "ಪ್ರೊಟೆಸ್ಟ್!" ಎಂದಳು. ನನಗೆ ನೆನಪಾದದ್ದು ಫ್ರೀಡಂ ಪಾರ್ಕ್.

ಇನ್ನು ಜಗಳ ಗ್ಯಾರಂಟಿ ಅಂದುಕೊಂಡೆ. ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಬಂಪರಿಗೆ ಗೀರು ಬಿದ್ದಾಗ ಮೂರು ತಿಂಗಳು ಮಾತು ಬಿಟ್ಟು, ಸಿಸಿಟಿವಿ ತೆಗೆಸಿ ನೋಡಿದವನು ನಾನು. ಗೀರು ನನ್ನದೇ ಎಂದು ಅದರಲ್ಲಿ ಗೊತ್ತಾಯಿತು, ಆ ಮಾತು ಬೇರೆ. ಬಾಮೈದ ಮಾತ್ರ ತುಟಿಪಿಟಕ್ಕೆನ್ನದೆ ದೋಣಿಯನ್ನು ಗುಂಪಿನಿಂದಾಚೆ ಒಯ್ದು, ಒಂದೇ ದಿಕ್ಕಿಗೆ ಎರಡು ಸುತ್ತು ತಿರುಗಿಸಿದ. ತಪ್ಪಿಗೆ ಅದೇ ಪ್ರಾಯಶ್ಚಿತ್ತ. ಯಾರೂ ಸೀಟಿ ಊದಲಿಲ್ಲ, ಚೀಟಿ ಹರಿಯಲಿಲ್ಲ. ದೇವರಿಲ್ಲದ ಕಡೆ ಎರಡು ಪ್ರದಕ್ಷಿಣೆ! ಪ್ರತಿ ಸುತ್ತಿಗೂ ಅಡ್ಡಗೋಲು ಎರಡು ಸಲ ತಲೆಯ ಮೇಲೆ ಹಾಯುತ್ತದೆ. ನಾಲ್ಕು ಸಲವೂ ಸಾಷ್ಟಾಂಗ ಬಿದ್ದೆ.

ದಡದಲ್ಲಿ ಆ ಹುಡುಗಿಯೇ ಬಂದು ಐಸ್ ಕೊಟ್ಟಳು. ಸಂಜೆ ಫಲಿತಾಂಶದ ಪಟ್ಟಿ ಹಾಕಿದರು. ನಮಗೆ ಕೊನೆಯಿಂದ ಎರಡನೆಯ ಸ್ಥಾನ. ಕೊನೆಯವರ ದೋಣಿ ಅಂದು ನೀರಿಗೇ ಇಳಿದಿರಲಿಲ್ಲ.