ಕಳೆ ಇರುವ ಮನೆ

"ರೂಮು ಹೇಗಿದ್ರೂ ನಡೆಯುತ್ತೆ ಅಣ್ಣಾ, ಕಳೆ ಇರ್ಬೇಕು ಅಷ್ಟೇ" ಎಂದು ಸಡ್ಡಕರು ಬೆಂಗಳೂರಿನಿಂದ ಫೋನು ಮಾಡಿದಾಗ, ಹಿತ್ತಲಲ್ಲಿ ಮೊಣಕಾಲುದ್ದ ಬೆಳೆದದ್ದು ನೆನಪಾಗಿ "ಬೇಕಾದಷ್ಟೈತ್ರಿ" ಎಂದುಬಿಟ್ಟೆ. ಕೆಟ್ಟದ್ದು ಅಲ್ಲೇ.

ಈ ಜಾತಿಯವರನ್ನು ನೀವೂ ಕಂಡಿರುತ್ತೀರಿ. ನೋಡಲು ಹೋದ ಊರು ಹಳೆಯದಾದರೆ ಸಾಲದು, ಮಲಗುವ ಕೋಣೆಯೂ ಅದರ ವಾರಿಗೆಯದಾಗಬೇಕು. ಹಂಪಿ ನೋಡಲು ಬಂದು ಹೊಸಪೇಟೆಯಲ್ಲಿ ಉಳಿಯುವವರ ಮೇಲೆ ಇವರಿಗೆ ಮರುಕ. ಲಿಫ್ಟು ಕಂಡರೆ ಮುಖ ಸಿಂಡರಿಸುತ್ತಾರೆ, ಬಿರುಕು ಬಿಟ್ಟ ಗೋಡೆಯನ್ನು ಕರುವಿನ ಬೆನ್ನಿನಂತೆ ಸವರುತ್ತಾರೆ. ಆಮ್‌ಸ್ಟರ್‌ಡ್ಯಾಮಿನ ಕಾಲುವೆ ದಂಡೆಯ ಹಳೇ ಮನೆಯಲ್ಲಿ ಸಡ್ಡಕರು ಮೂರು ರಾತ್ರಿ ಕಳೆದ ಕಥೆಯನ್ನು ನಾನು ಆರು ಮದುವೆಗಳಲ್ಲಿ ಕೇಳಿದ್ದೇನೆ. ಅಲ್ಲಿ ಮನೆಗಳ ಮುಖ ಕಿರಿದು, ಮೆಟ್ಟಿಲು ನಮ್ಮ ಅಟ್ಟದ ಏಣಿಯಷ್ಟು ಕಡಿದು; ಮಂಚ, ಕಪಾಟು ಮೇಲೇರಿಸಲು ಮನೆಯ ನೆತ್ತಿಯಲ್ಲೇ ಕೊಕ್ಕೆ. "ಸೂಟ್‌ಕೇಸೂ ಅದಕ್ಕೇ ಕಟ್ಟಿ ಅಂದೆ, ಮಾಲೀಕ ಒಪ್ಪಲಿಲ್ಲ" ಎಂಬಲ್ಲಿ ಎಲ್ಲರೂ ನಗಬೇಕು. ನಾದಿನಿ ನಗುವುದಿಲ್ಲ. ಹೊತ್ತವಳು ಅವಳು.

ಅಬಲೂರಿಗೆ ಬರಲು ಕಾರಣವೇನೋ ಇತ್ತು. ಏಕಾಂತದ ರಾಮಯ್ಯ ತಲೆ ಕಡಿದುಕೊಂಡು ಶಿವನಿಗೊಪ್ಪಿಸಿ ಏಳು ದಿನದ ಮೇಲೆ ಮರಳಿ ಪಡೆದದ್ದು ನಮ್ಮೂರಲ್ಲಿ. ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವಿದೆ, ಆ ಕಥೆಯ ಶಿಲ್ಪಗಳಿವೆ. ಸರ್ವಜ್ಞ ಯಾರವನು ಎಂಬ ಬಗ್ಗೆ ಮಾಸೂರಿನವರಿಗೂ ನಮಗೂ ಹಳೇ ಪಾಲುಪಟ್ಟಿ ಬೇರೆ. ಹಿರೇಕೆರೂರಿನಲ್ಲಿ ರೂಮು ಹಿಡಿಯುತ್ತೇನೆ ಎಂದೆ. "ಅಲ್ಲಿ ಟಿವಿ ಇರುತ್ತೆ" ಎಂದರು, ಹಾವು ಇರುತ್ತದೆ ಎನ್ನುವ ದನಿಯಲ್ಲಿ.

ನಮ್ಮ ಮನೆ ಅರ್ಧ ಆರ್‌ಸಿಸಿ. ಸಾಲ ಮಾಡಿ ಕಟ್ಟಿಸಿದ ಆ ಅರ್ಧವೇ ನನ್ನ ಹೆಮ್ಮೆ: ಮುಖ ಕಾಣುವ ಟೈಲ್ಸು, ತಿಳಿನೀಲಿ ಬಣ್ಣ, ಗೀಸರು. ಇನ್ನರ್ಧ ಅಪ್ಪನ ಕಾಲದ್ದು, ಈಗ ಗೋವಿನಜೋಳದ ಚೀಲಕ್ಕೂ ಎಮ್ಮೆಗೂ ಸೇರಿದ್ದು. ಸಡ್ಡಕರು ಹೊಸ ಅರ್ಧವನ್ನು ಆಸ್ಪತ್ರೆ ದಾಟಿದಂತೆ ದಾಟಿ, ಹಳೇ ಪಡಸಾಲೆಯಲ್ಲಿ ನಿಂತು, "ಅಣ್ಣಾ, ಇದು ಮನೆ!" ಎಂದರು. ನೋವಾಯಿತು. ಕಂತು ಇನ್ನೂ ಮುಗಿದಿಲ್ಲ.

ಒಳಕೋಣೆಯ ಬಾಗಿಲು ಗಿಡ್ಡು. ಅವರು ಚೌಕಟ್ಟಿನ ಕೆತ್ತನೆ ನೋಡುತ್ತ ನೆಟ್ಟಗೆ ಹೊಕ್ಕರು. ರಾಮಯ್ಯನ ತಲೆ ಕೂಡಲು ಏಳು ದಿನ ಹಿಡಿಯಿತು. ಇವರದಕ್ಕೆ ಅವ್ವ ಹಚ್ಚಿದ ಅರಿಶಿಣ ಸಾಕಾಯಿತು. "ಬಾಗಿ ಬರ್ಬೇಕು ತಮ್ಮಾ, ಅದಕ್ಕ ಗಿಡ್ಡ ಮಾಡ್ಯಾರ" ಎಂದಳು ಅವ್ವ. ಅದನ್ನೂ ಬರೆದುಕೊಂಡರು.

ಫ್ಯಾನು ಬೇಡವೆಂದರು. ಚೀಲ ಸರಿಸಿ, ಹೊರಸು ಹಾಕಿ, ಕೌದಿ ಹಾಸಿಕೊಟ್ಟೆ. ಹತ್ತೂವರೆಗೆ ಮೊದಲ ಕರೆ: ಅಟ್ಟದ ಮೇಲೆ ಯಾರೋ ಓಡಾಡುತ್ತಿದ್ದಾರೆ. ಇಲಿ ಎಂದೆ. ಹನ್ನೊಂದೂವರೆಗೆ: ಯಾರೋ ನಿಟ್ಟುಸಿರು ಬಿಡುತ್ತಿದ್ದಾರೆ. ಎಮ್ಮೆ ಎಂದೆ.

"ಗೋಡೆ ಆಚೆಗಾ?"

"ಗೋಡಿ ಎದಿಮಟ ಅಷ್ಟ ಐತ್ರಿ."

"ಹಾಗಾದ್ರೆ ಅದು ನನ್ನನ್ನೇ ನೋಡ್ತಿದೆ."

ಒಂದಕ್ಕೆ ಫ್ಯಾನು ಕೇಳಿದರು. ಹೊಸ ಮನೆಯಿಂದ ವೈರು ಎಳೆದು ಟೇಬಲ್ ಫ್ಯಾನು ಹಚ್ಚಿದೆ. ಜೋಳದ ದೂಳೆದ್ದು ಇಬ್ಬರೂ ಸೀನಿದೆವು, ಎಮ್ಮೆಯೂ. ಆಮೇಲೆ ಅವರು ಗೊರಕೆ ಹೊಡೆದರು. ನಾನು ಮೆತ್ತನೆಯ ಗಾದಿಯ ಮೇಲೆ, ಅವರಿಗೆ ಚೇಳುಗೀಳು ಕಡಿದೀತೆಂದು ಬೆಳತನಕ ಎದ್ದೇ ಇದ್ದೆ.

ಬೆಳಿಗ್ಗೆ ನೋಡಿದರೆ ಹಿತ್ತಲ ಕಳೆಯ ನಡುವೆ ಕುಕ್ಕರಗಾಲಲ್ಲಿ ಕುಳಿತು, ಉದುರಿದ ಹಂಚೊಂದನ್ನು ತಂಬಿಗೆ ನೀರಿನಿಂದ ತೊಳೆಯುತ್ತಿದ್ದಾರೆ. ಬೆನ್ನ ಮೇಲೆ ಅಚ್ಚು ಕಾಣಿಸಿತು: ಬಾಸೆಲ್ ಮಿಷನ್, 1865. ಮಿಷನರಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ವರ್ಷ ಅದು. ಕಾರ್ಖಾನೆಯ ವಯಸ್ಸು, ಹಂಚಿನದಲ್ಲ. ಬಾಸೆಲ್ ಎಂದರೆ ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿ ದಂಡೆಯ ಹಳೇ ಪಟ್ಟಣ. ಸಡ್ಡಕರು ಅಲ್ಲಿಗೂ ಹೋಗಿದ್ದರು. ಹಳೇ ಪೇಟೆಯ ಬಾಡಿಗೆ ಕೇಳಿ ದಂಗಾಗಿ, ಸ್ಟೇಷನ್ ಬಳಿಯ ಹೊಸ ಹೋಟೆಲಿನಲ್ಲಿ ಉಳಿದಿದ್ದರಂತೆ. ಲಿಫ್ಟು ಇತ್ತು. ಯಾವ ಮದುವೆಯಲ್ಲೂ ಹೇಳದ ಕಥೆ ಇದು. ಆ ಬಾಸೆಲ್ ಹೆಸರಿನ ಹಂಚಿನ ಕೆಳಗೆ ನಮ್ಮ ಎಮ್ಮೆ ಪುಕ್ಕಟೆ ಮಲಗುತ್ತದೆ.

"ನಮ್ಮ ತಂದೆ ಮನೇಲೂ ಇದೇ ಹಂಚಿತ್ತು ಅಣ್ಣಾ" ಎಂದರು, ಹಂಚನ್ನು ತಮ್ಮ ಟವೆಲ್ಲಿನಲ್ಲಿ ಒರೆಸುತ್ತ. "ಒಡೆಸಿಬಿಟ್ವಿ. ಈಗ ಮೂರು ಮಹಡಿ. ಬಾಡಿಗೆ ಬರುತ್ತೆ."

ನಾನು ಚಹಾ ತರುವ ನೆಪ ಮಾಡಿ ಒಳಗೆದ್ದು ಹೋದೆ. ಹಳೇ ಅರ್ಧವನ್ನು ಯುಗಾದಿಯೊಳಗೆ ಕೆಡವಲು ಮೇಸ್ತ್ರಿಗೆ ಮುಂಗಡ ಕೊಟ್ಟಾಗಿತ್ತು. ಸಡ್ಡಕರಿಗೆ ಅದನ್ನು ಹೇಳಲಿಲ್ಲ. ಮೇಸ್ತ್ರಿಗೆ ಏನು ಹೇಳುವುದೆಂದು ಈಗ ಯೋಚಿಸುತ್ತಿದ್ದೇನೆ.

ಹಿರೇಕೆರೂರು, ರಟ್ಟೀಹಳ್ಳಿ ಕಡೆ ಯಾರಾದರೂ ಹಳೇ ಮನೆ ಬಿಚ್ಚುತ್ತಿದ್ದರೆ ದಯವಿಟ್ಟು ತಿಳಿಸಿ. ಇದೇ ಅಚ್ಚಿನ ಹದಿನೆಂಟು ಹಂಚು ಬೇಕಾಗಿದೆ. ದೀಪಾವಳಿಗೆ ಸಡ್ಡಕರು ಮತ್ತೆ ಬರುತ್ತಾರಂತೆ, ಜೊತೆಗೆ ನಾಲ್ವರು ಗೆಳೆಯರು.