ಪಿಕಪ್ಪಿನ ಜೀರ್ಣೋದ್ಧಾರಕ

ಅಮೆರಿಕದ ಉಪನಗರಗಳಲ್ಲಿ ಎರಡು ಕಾರುಗಳಿಗೆಂದು ಕಟ್ಟಿದ ಗ್ಯಾರೇಜಿನೊಳಗೆ ಒಂದು ಕಾರೂ ಇಲ್ಲದೆ, ಮನೆಯವರ ಎರಡು ವಾಹನಗಳೂ ಅಂಗಳದಲ್ಲಿ ಹಿಮ ಹೊದ್ದು ನಿಂತಿರುವುದು ಕಂಡುಬಂದರೆ, ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕನಂತೆ, ಆ ಮನೆಯಲ್ಲಿ ಹಳೆಯ ಪಿಕಪ್ಪಿನ ಜೀರ್ಣೋದ್ಧಾರಕನೊಬ್ಬನು ವಾಸವಾಗಿದ್ದಾನೆಂದು ಧಾರಾಳವಾಗಿ ನಿರ್ಣಯಿಸಬಹುದು. ಪಿಕಪ್ಪೆಂದರೆ ಮುಂದೆ ಇಬ್ಬರು ಮೂವರು ಕೂರುವ ಕೋಣೆಯೂ ಹಿಂದೆ ತೆರೆದ ಸರಕಿನ ತೊಟ್ಟಿಯೂ ಇರುವ ಸಣ್ಣ ಲಾರಿ. ಜೀರ್ಣೋದ್ಧಾರವೆಂಬುದು ದೇವಾಲಯಗಳಿಗೆ ಸಲ್ಲುವ ಪದವಾದರೂ ಇಲ್ಲಿ ಅದರ ಬಳಕೆ ಅನುಚಿತವಲ್ಲ. ಏಕೆಂದರೆ ಎರಡು ಕಡೆಯೂ ಕೆಲಸವು ವರ್ಷಗಟ್ಟಲೆ ನಡೆಯುತ್ತದೆ, ಹಣ ಸಾಲದೆ ನಡುವೆ ನಿಲ್ಲುತ್ತದೆ, ಮತ್ತು ಹಳೆಯದನ್ನು ಉಳಿಸುವ ಸಂಕಲ್ಪದಿಂದ ಆರಂಭವಾದುದು ಹಳೆಯ ಕಲ್ಲೊಂದೂ ಉಳಿಯದಂತೆ ಸಮಾಪ್ತಿಯಾಗುವುದೂ ಎರಡು ಕಡೆಯೂ ಉಂಟು.

ಈ ವರ್ಗದವರು ತಮ್ಮ ಕೃತಿಯನ್ನು ‘ರೆಸ್ಟೊಮಾಡ್’ ಎಂದು ಕರೆಯುತ್ತಾರೆ. ಮೊದಲಿನ ಸ್ಥಿತಿಗೆ ತರುವುದು ಎಂಬರ್ಥದ ರೆಸ್ಟೊರೇಶನ್ ಮತ್ತು ಮಾರ್ಪಡಿಸುವುದು ಎಂಬರ್ಥದ ಮಾಡಿಫಿಕೇಶನ್ ಎಂಬ ಎರಡು ಪದಗಳ ತಲೆಗಳನ್ನು ಕತ್ತರಿಸಿ, ಒಂದರ ಪಕ್ಕಕ್ಕೆ ಇನ್ನೊಂದನ್ನಿಟ್ಟು ಬೆಸುಗೆ ಹಾಕಿದ ಸಮಾಸವಿದು. ಪದವನ್ನು ತಯಾರಿಸಿದ ವಿಧಾನವೂ ಅದು ಹೆಸರಿಸುವ ವಾಹನವನ್ನು ತಯಾರಿಸುವ ವಿಧಾನವೂ ಒಂದೇ ಆಗಿರುವುದರಿಂದ, ಶಬ್ದಕ್ಕೂ ಅರ್ಥಕ್ಕೂ ಇಷ್ಟು ನಿಕಟವಾದ ಸಂಬಂಧವು ಬೇರೆಲ್ಲಿಯೂ ಸುಲಭವಾಗಿ ದೊರೆಯದು. ಮೊದಲಿನಂತೆಯೇ ಇರಬೇಕು ಎಂಬುದೂ ಮೊದಲಿನಂತೆ ಇರಕೂಡದು ಎಂಬುದೂ ಏಕಕಾಲದಲ್ಲಿ ಸಿದ್ಧಾಂತವಾಗಿರುವ ಪಂಥವಿದು. ಇದರ ಅನುಯಾಯಿಯು ಆ ವಿರೋಧವನ್ನು ಗಮನಿಸಿಲ್ಲವೆಂದಲ್ಲ, ಅದನ್ನು ಗಮನಿಸುವಷ್ಟು ಬಿಡುವು ಅವನಿಗಿಲ್ಲ.

ಆರಾಧನೆಗೆ ಪಾತ್ರವಾದ ಮೂರ್ತಿಗಳು ಹಲವಿದ್ದರೂ, ಶೆವ್ರೊಲೆ ಕಂಪನಿಯು 1947ರ ಬೇಸಿಗೆಯಲ್ಲಿ ಹೊರತಂದ, ಅರ್ಧ ಟನ್ ಭಾರದ ದರ್ಜೆಗೆ ಸೇರಿದ 3100 ಎಂಬ ಮಾದರಿಗೆ ಭಕ್ತರು ಹೆಚ್ಚು. ದುಂಡು ಮೂತಿ, ಅದಕ್ಕೆ ಅಡ್ಡಲಾಗಿ ಐದು ಪಟ್ಟಿಗಳ ಜಾಲರಿ, ಕೆಲವುಗಳಲ್ಲಿ ಕೋಣೆಯ ಹಿಂಬದಿಯ ಮೂಲೆಗಳಿಗೂ ಬಾಗಿದ ಗಾಜು, ಇವು ಅದರ ಲಕ್ಷಣಗಳು. ಇದರ ಒಡಲಿನಲ್ಲಿದ್ದುದು ಆರು ಸಿಲಿಂಡರುಗಳು ಸಾಲಾಗಿ ನಿಂತ, 216 ಘನ ಅಂಗುಲದ, ಅಂದರೆ ಸುಮಾರು ಮೂರೂವರೆ ಲೀಟರಿನ, ಸುಮಾರು 90 ಅಶ್ವಶಕ್ತಿಯ ಎಂಜಿನ್. ಒಳಗಿನ ದಂಡಗಳ ತುದಿಯಲ್ಲಿದ್ದ ಪುಟ್ಟ ಸೌಟುಗಳು ತಿರುಗುವಾಗಲೆಲ್ಲ ಎಣ್ಣೆಯನ್ನು ಮೊಗೆದುಕೊಂಡು ತಮ್ಮ ಬೇರಿಂಗುಗಳನ್ನು ತಾವೇ ನೆನೆಸಿಕೊಳ್ಳುತ್ತಿದ್ದವು. ಆರು ವೋಲ್ಟಿನ ಬ್ಯಾಟರಿಯಿಂದ, ಕಾಲಿನಲ್ಲಿ ಒತ್ತುವ ಪೆಡಲಿನಿಂದ ಚಾಲೂ ಆಗುತ್ತಿದ್ದ ಆ ಗಾಡಿಯು ಹುಲ್ಲು, ಗೊಬ್ಬರ, ಹಾಲಿನ ಕ್ಯಾನುಗಳನ್ನು ಹೊತ್ತು, ಗಂಟೆಗೆ ಎಪ್ಪತ್ತು ಎಂಬತ್ತು ಕಿಲೋಮೀಟರಿನ ಆಚೆಗೆ ಯಾವ ಮಹತ್ವಾಕಾಂಕ್ಷೆಯನ್ನೂ ಇಟ್ಟುಕೊಳ್ಳದೆ ತನ್ನ ಆಯುಷ್ಯವನ್ನು ಕಳೆಯುತ್ತಿತ್ತು. ಅದನ್ನು ಕೊಂಡಿದ್ದ ರೈತನು ಅದನ್ನು ಸುಂದರವೆಂದು ಕರೆದಿರುವ ಸಂಭವ ಕಡಿಮೆ. ಅದು ಸುಂದರವಾಗಬೇಕಾದರೆ ಮೊದಲು ಕೆಲಸಕ್ಕೆ ಬಾರದಂತಾಗಬೇಕಿತ್ತು, ಮತ್ತು ಅದಕ್ಕೆ ಅರ್ಧ ಶತಮಾನ ಹಿಡಿಯಿತು.

ಭಕ್ತರಲ್ಲಿ ಮೂರು ಮತಗಳಿವೆ. ಮೊದಲನೆಯವರನ್ನು ಯಥಾಸ್ಥಿತಿವಾದಿಗಳೆನ್ನಬಹುದು: ಕಾರ್ಖಾನೆಯಿಂದ ಹೊರಬಂದ ದಿನ ಯಾವ ತಿರುಪು ಎಲ್ಲಿತ್ತೋ ಅದೇ ತಿರುಪು ಅಲ್ಲಿಯೇ ಇರಬೇಕೆಂಬುದು ಇವರ ನಿಷ್ಠೆ. ಎರಡನೆಯವರು ತುಕ್ಕುವಾದಿಗಳು: ಬಿಸಿಲು ಮಳೆಗಳು ಬಿಡಿಸಿದ ತುಕ್ಕಿನ ಚಿತ್ತಾರಕ್ಕೆ ‘ಪಟಿನ’ ಎಂಬ ಗೌರವದ ಹೆಸರನ್ನಿಟ್ಟು, ಅದು ಮುಂದೆ ಹಬ್ಬದಂತೆ ಮೇಲೆ ಬಣ್ಣವಿಲ್ಲದ ವಾರ್ನಿಷಿನ ಲೇಪ ಕೊಟ್ಟು ಕಾಪಾಡುತ್ತಾರೆ, ಸಹಜವಾದ ತುಕ್ಕು ಸಾಲದಿದ್ದಲ್ಲಿ ಕುಶಲಕರ್ಮಿಗಳಿಂದ ಹೊಸದಾಗಿ ಹಳೆಯ ತುಕ್ಕನ್ನು ಬರೆಸುವುದೂ, ಬಾಗಿಲಿನ ಮೇಲೆ ಎಂದೂ ಇಲ್ಲದಿದ್ದ ಹಾಲಿನ ಡೈರಿಯೊಂದರ ಹೆಸರನ್ನು ಅರ್ಧ ಅಳಿಸಿಹೋದಂತೆ ಬರೆಸುವುದೂ ಉಂಟು. ಮೂರನೆಯವನೇ ಈ ಬರಹದ ನಾಯಕನಾದ ರೆಸ್ಟೊಮಾಡ್ ಪಂಥದವನು. ಹೊರಗೆ 1951, ಒಳಗೆ ವರ್ತಮಾನ ಎಂಬುದು ಅವನ ಧ್ಯೇಯವಾಕ್ಯ. ಅವನು ಯಥಾಸ್ಥಿತಿವಾದಿಗಳನ್ನು ವಸ್ತುಸಂಗ್ರಹಾಲಯದ ಕಾವಲುಗಾರರೆಂದು ಕರುಣೆಯಿಂದ ನೋಡುತ್ತಾನೆ, ಅವರು ಅವನನ್ನು ಮೂರ್ತಿಭಂಜಕನೆಂದು ಕರೆಯುತ್ತಾರೆ, ಮತ್ತು ಬಿಡಿಭಾಗಗಳ ಸಂತೆಯಲ್ಲಿ ಇಬ್ಬರೂ ಒಂದೇ ಬಾಗಿಲ ಹಿಡಿಗಾಗಿ ಪರಸ್ಪರ ಬೆಲೆ ಏರಿಸುತ್ತಾರೆ.

ಅವನ ಮೂಲ ಸಂಕಲ್ಪವು ಯಾವಾಗಲೂ ಅಲ್ಪವಾದದ್ದು ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಬ್ರೇಕುಗಳನ್ನಷ್ಟೇ ಬದಲಿಸುವುದೆಂದು ಅವನು ಹೊರಡುತ್ತಾನೆ, ಮತ್ತು ಕಾರಣವೂ ಸಮಂಜಸವೇ ಆಗಿದೆ: ನಾಲ್ಕು ಗಾಲಿಗಳ ಬ್ರೇಕುಗಳಿಗೂ ಕೋಣೆಯ ನೆಲದಡಿಯ ಒಂದೇ ಸಿಲಿಂಡರಿನಿಂದ ಒಂದೇ ಮಾರ್ಗದಲ್ಲಿ ದ್ರವವು ಹರಿಯುತ್ತಿದ್ದುದರಿಂದ, ಒಂದು ಕಡೆ ಸೋರಿದರೆ ನಾಲ್ಕು ಕಡೆಯೂ ಬ್ರೇಕು ಹೋಗುತ್ತಿತ್ತು. ಆದರೆ ಕೌಪೀನವನ್ನು ಕಡಿದ ಇಲಿಗಾಗಿ ಬೆಕ್ಕನ್ನೂ, ಬೆಕ್ಕಿನ ಹಾಲಿಗಾಗಿ ಹಸುವನ್ನೂ, ಹಸುವಿನ ಚಾಕರಿಗಾಗಿ ಹೆಂಡತಿಯನ್ನೂ ತಂದುಕೊಂಡ ಸನ್ಯಾಸಿಯ ಕಥೆಯು ಇಲ್ಲಿ ಯಂತ್ರಗಳ ರೂಪದಲ್ಲಿ ಮರುಕಳಿಸುತ್ತದೆ. ಡಿಸ್ಕ್ ಬ್ರೇಕು ಬೇಕೆಂದರೆ ಅದರೊಡನೆ ಮುಂಭಾಗದ ಹೊಸ ಸಸ್ಪೆನ್ಶನ್, ಅಂದರೆ ರಸ್ತೆಯ ಕುಲುಕಾಟವನ್ನು ತಾಳಿಕೊಳ್ಳುವ ವ್ಯವಸ್ಥೆಯು, ಒಂದು ಕಟ್ಟಾಗಿ ಬರುತ್ತದೆ. ಆ ಕಟ್ಟಿನ ಗಾಲಿಗಳಿಗೆ ಸಾಮಾನ್ಯವಾಗಿ ಐದು ಬೋಲ್ಟು, ಹಳೆಯ ಗಾಲಿಗಳಿಗೆ ಆರು. ಮುಂದೆ ಐದು ಹಿಂದೆ ಆರು ಇರುವುದು ಶೋಭಿಸದ ಕಾರಣ ಹಿಂದಿನ ಆಕ್ಸಲೂ ಬದಲಾಗಬೇಕು. ಹಿಂದಿನ ಆಕ್ಸಲು ಬದಲಾದರೆ, ಅದನ್ನು ಗೇರುಬಾಕ್ಸಿಗೆ ಜೋಡಿಸಿದ್ದ, ಟಾರ್ಕ್ ಟ್ಯೂಬೆಂಬ ಕೊಳವೆಯೊಳಗೆ ಮುಚ್ಚಿದ್ದ ದಂಡವು ನಿರುಪಯುಕ್ತವಾಗುತ್ತದೆ. ಅದು ಹೋದರೆ ಅದಕ್ಕೆಂದೇ ರೂಪಿಸಿದ ಗೇರುಬಾಕ್ಸೂ ಹೋಗುತ್ತದೆ. ಗೇರುಬಾಕ್ಸೇ ಹೋದ ಮೇಲೆ ಆ ಹಳೆಯ ಎಂಜಿನ್ನು ಯಾರ ಮುಖ ನೋಡಿಕೊಂಡು ಇರಬೇಕು? ಹೀಗೆ, ಬ್ರೇಕು ಹಾಕಲು ಹೊರಟವನಿಗೆ ತನ್ನನ್ನು ತಡೆಯಬಲ್ಲ ಬ್ರೇಕೊಂದೂ ಇಲ್ಲದೆ, ಎರಡನೆಯ ಚಳಿಗಾಲದ ಹೊತ್ತಿಗೆ ಗ್ಯಾರೇಜಿನ ನಡುವೆ ಬರಿಯ ಚಾಸಿಯೂ ಗೋಡೆಯ ಸುತ್ತ ರಟ್ಟಿನ ಪೆಟ್ಟಿಗೆಗಳೂ ಉಳಿಯುತ್ತವೆ.

ಆ ಪೆಟ್ಟಿಗೆಗಳಲ್ಲಿ ಬರುವ ಅಂಗಗಳ ಕುಲಗೋತ್ರವನ್ನು ವಿಚಾರಿಸುವುದು ಬೋಧಪ್ರದವಾಗಿದೆ. ಮುಂಭಾಗದ ಸಸ್ಪೆನ್ಶನ್ನಿನ ವಿನ್ಯಾಸವು ಬಹುಮಟ್ಟಿಗೆ 1974ರಿಂದ 1978ರವರೆಗೆ ತಯಾರಾದ ಎರಡನೆಯ ಮಸ್ಟ್ಯಾಂಗ್ ಎಂಬ ಫೋರ್ಡ್ ಕಾರಿನದು. ಆ ಕಾರನ್ನು ವಾಹನಪ್ರಿಯರು ಅದರ ಜೀವಿತಕಾಲದಿಂದಲೂ ಹೀಯಾಳಿಸುತ್ತ ಬಂದಿದ್ದರೂ, ಅದರ ಕಾಲುಗಳನ್ನು ಮಾತ್ರ ಕಣ್ಣಿಗೊತ್ತಿಕೊಂಡು ಸ್ವೀಕರಿಸಿದ್ದಾರೆ. ಹಿಂದಿನ ಆಕ್ಸಲ್ ಸಹ ಫೋರ್ಡ್ ಕಂಪನಿಯು 1957ರಲ್ಲಿ ಬಳಕೆಗೆ ತಂದ, ಒಳಗಿನ ಹಲ್ಲುಚಕ್ರದ ವ್ಯಾಸದಿಂದ ‘ಒಂಬತ್ತು ಇಂಚು’ ಎಂದೇ ಹೆಸರಾದದ್ದು. ಶೆವ್ರೊಲೆಗೆ ಮೂರು ತಲೆಮಾರುಗಳಿಂದ ನಡೆದುಕೊಂಡ, ಫೋರ್ಡಿನ ಲಾಂಛನವಿರುವ ಟೋಪಿಯನ್ನೂ ಮನೆಯೊಳಗೆ ಬಿಟ್ಟುಕೊಳ್ಳದ ಮನೆತನದವನು, ಯಾರಿಗೂ ಕಾಣದ ತಳಭಾಗದಲ್ಲಿ ಮುಂದೊಂದು ಹಿಂದೊಂದು ಫೋರ್ಡನ್ನು ಪ್ರತಿಷ್ಠಾಪಿಸಿ ಹರಿಹರ ಮೂರ್ತಿಯನ್ನು ನಿರ್ಮಿಸುತ್ತಾನೆ. ಫೋರ್ಡ್ ಶಾಖೆಯ ಭಕ್ತರಾದರೋ, 2003ರ ನಂತರದ ಕ್ರೌನ್ ವಿಕ್ಟೋರಿಯಾ ಕಾರಿನ ಮುಂಭಾಗವನ್ನು ಇಡಿಯಾಗಿ ಕಳಚಿ ತಮ್ಮ ಹಳೆಯ ಎಫ್-100 ಪಿಕಪ್ಪಿನ ಕೆಳಗೆ ತೂರಿಸುತ್ತಾರೆ; ಆ ಕಾರು ಬಹುಕಾಲ ಪೊಲೀಸರ ವಾಹನವಾಗಿದ್ದುದರಿಂದ, ಹುಲ್ಲಿನ ಗಾಡಿಗೆ ಕಳ್ಳರನ್ನು ಅಟ್ಟಿಸಿಕೊಂಡು ಹೋಗುವ ಕಾಲುಗಳು ಲಭಿಸುತ್ತವೆ.

ಹೃದಯದ ವಿಷಯದಲ್ಲಿ ಮತಭೇದ ಕಡಿಮೆ. 1997ರಲ್ಲಿ ಕಾರ್ವೆಟ್ ಕಾರಿನೊಡನೆ ಬಂದ ಎಲ್‌ಎಸ್ ಎಂಬ ಎಂಟು ಸಿಲಿಂಡರುಗಳ ಎಂಜಿನ್ ಕುಲದ್ದೇ, 1999ರಿಂದ ಶೆವ್ರೊಲೆಯ ಸಿಲ್ವರಾಡೊ ಪಿಕಪ್ಪುಗಳಲ್ಲಿ ಬಂದ 5.3 ಲೀಟರಿನ ಕುಡಿಯೊಂದು ಗುಜರಿ ಅಂಗಡಿಗಳಲ್ಲಿ ಹೇರಳವಾಗಿ ದೊರೆಯುತ್ತದೆ. ಅದರ ಶಕ್ತಿಯು ಹಳೆಯ ಎಂಜಿನ್ನಿನ ಮೂರು ಪಟ್ಟಿನಷ್ಟು. ಆದರೆ ಹೊಸ ಹೃದಯದ ಜೊತೆಗೆ ಹೊಸ ಮೆದುಳೂ ಬರುತ್ತದೆ. ಇಂಧನವನ್ನೂ ಕಿಡಿಯನ್ನೂ ನಿಯಂತ್ರಿಸುವ ಆ ಕಂಪ್ಯೂಟರಿನಲ್ಲಿ ಕಳ್ಳತನವನ್ನು ತಡೆಯುವ ಏರ್ಪಾಡೊಂದು ಅಡಗಿದ್ದು, ತನ್ನ ಮೂಲ ಬೀಗದ ಕೈಯ ಗುರುತು ಸಿಗದಿದ್ದರೆ ಅದು ತನ್ನನ್ನು ಯಾರೋ ಅಪಹರಿಸಿದ್ದಾರೆಂದು ಭಾವಿಸಿ ಎಂಜಿನ್ ಓಡದಂತೆ ಮಾಡುತ್ತದೆ. ಅದರ ಅನುಮಾನವು ತೀರ ನಿರಾಧಾರವಲ್ಲದ ಕಾರಣ, ಅದರ ಸ್ಮೃತಿಯಿಂದ ಆ ಭಾಗವನ್ನು ತಜ್ಞರಿಂದ ಅಳಿಸಿಹಾಕಿಸಬೇಕಾಗುತ್ತದೆ. ಇದಲ್ಲದೆ ಹಳೆಯ ಒಡಲಿನ ಬೋಲ್ಟುಗಳು ಇಂಚಿನವು, ಹೊಸ ಎಂಜಿನ್ನಿನವು ಮಿಲಿಮೀಟರಿನವು. ಅರ್ಧ ಇಂಚಿಗೂ ಹದಿಮೂರು ಮಿಲಿಮೀಟರಿಗೂ ನಡುವಣ ಅಂತರವು ಮಿಲಿಮೀಟರೊಂದರ ಹತ್ತರಲ್ಲಿ ಮೂರು ಭಾಗ ಮಾತ್ರವಾದರೂ, ಜೀರ್ಣೋದ್ಧಾರಕನ ಬೆರಳ ಗೆಣ್ಣುಗಳ ಚರ್ಮ ಹೋಗಿರುವುದು ಆ ಅಂತರದಲ್ಲಿಯೇ. ಎರಡು ಯುಗಗಳನ್ನು ಒಂದುಗೂಡಿಸುವುದು ಸುಲಭವಲ್ಲವೆಂದು ತತ್ತ್ವಜ್ಞರು ಹೇಳುವುದನ್ನು ಅವನು ಎರಡು ಜೊತೆ ಸ್ಪ್ಯಾನರುಗಳಿಂದ ಕಲಿತಿದ್ದಾನೆ.

ಅವನ ಕಾಲಗಣನೆಯು ಲೌಕಿಕರದಕ್ಕಿಂತ ಭಿನ್ನವಾಗಿದೆ. ‘ಇನ್ನು ವೈರಿಂಗು ಒಂದೇ ಬಾಕಿ’ ಎಂಬುದು ಅವನ ಭಾಷೆಯಲ್ಲಿ ಕನಿಷ್ಠ ಎರಡು ವರ್ಷಗಳ ಅವಧಿಯನ್ನು ಸೂಚಿಸುವ ಮಾನ; ‘ಈ ಬೇಸಿಗೆಗೆ ಓಡುತ್ತದೆ’ ಎಂಬಲ್ಲಿ ‘ಈ’ ಎಂಬ ಸರ್ವನಾಮವು ಯಾವ ಬೇಸಿಗೆಯನ್ನು ನಿರ್ದೇಶಿಸುತ್ತದೆಂಬುದನ್ನು ವೈಯಾಕರಣರು ನಿಶ್ಚಯಿಸಲಾರರು. ಜಂಗಮವಾಗಿ ಹುಟ್ಟಿದ ವಸ್ತುವು ಸ್ಥಾವರವಾಗಿ ನೆಲೆಗೊಂಡು, ಅದರ ಮೇಲೆ ಮಕ್ಕಳ ಹಳೆಯ ಸೈಕಲ್ಲು, ಕ್ರಿಸ್ಮಸ್ ಅಲಂಕಾರದ ಪೆಟ್ಟಿಗೆ ಮುಂತಾದವು ಶೇಖರವಾಗುತ್ತವೆ. ಈ ಅವಧಿಯಲ್ಲಿ ಎಂಜಿನ್ನನ್ನೂ ಆಕ್ಸಲನ್ನೂ ಗುಜರಿಯಿಂದ ಮನೆಗೆ ಹೊತ್ತು ತರುವುದು ಅಂಗಳದಲ್ಲಿ ಹಿಮ ಹೊದ್ದು ನಿಂತ ಅವನ ನಿತ್ಯದ ವಾಹನ, ಅಂದರೆ ಒಂದು ಸಾಮಾನ್ಯವಾದ ಸಿಲ್ವರಾಡೊ ಪಿಕಪ್ಪು. ಗ್ಯಾರೇಜಿನೊಳಗಿನದಕ್ಕೆ ಯಾವ ಹೃದಯವನ್ನು ಕಸಿ ಮಾಡಲಾಗುತ್ತಿದೆಯೋ ಅದೇ ಹೃದಯವು ಈ ಗಾಡಿಯೊಳಗೆ ಯಾವ ಕೀರ್ತಿಯೂ ಇಲ್ಲದೆ ಬಡಿದುಕೊಳ್ಳುತ್ತಿರುತ್ತದೆ, ಮತ್ತು ಅದನ್ನು ತೊಳೆಯಬೇಕೆಂದು ಯಾರಿಗೂ ತೋಚುವುದಿಲ್ಲ.

ಆದರೂ ಕೆಲವರ ಪಿಕಪ್ಪು ಪೂರ್ಣವಾಗುತ್ತದೆ. ಹಿಂದೆ ಗೊಬ್ಬರ ತುಂಬುತ್ತಿದ್ದ ತೊಟ್ಟಿಯ ಹಲಗೆಗಳ ಜಾಗದಲ್ಲಿ ಓಕ್ ಮರದ ಹಲಗೆಗಳನ್ನು ಹಾಸಿ, ಅವುಗಳ ನಡುವೆ ಹೊಳೆಯುವ ಉಕ್ಕಿನ ಪಟ್ಟಿಗಳನ್ನಿಟ್ಟು, ಊಟದ ಮೇಜಿಗೂ ಸಲ್ಲದ ಹೊಳಪು ಬರುವಂತೆ ವಾರ್ನಿಷು ಬಳಿಯಲಾಗುತ್ತದೆ. ಅದರ ಮೇಲೆ ಮುಂದೆ ಯಾರೂ ಒಂದು ಚೀಲವನ್ನೂ ಇಡತಕ್ಕದ್ದಲ್ಲ. ಭಾನುವಾರದ ಬೆಳಿಗ್ಗೆ ವಾಹನಪ್ರಿಯರು ನೆರೆಯುವ ಮೈದಾನದಲ್ಲಿ ಮುಂಭಾಗದ ಮುಚ್ಚಳವನ್ನು ತೆರೆದಿಟ್ಟು, ಜೀರ್ಣೋದ್ಧಾರಕನು ಹಿಂದೆ ಮಡಚುವ ಕುರ್ಚಿಯೊಂದರಲ್ಲಿ ಅರ್ಚಕನಂತೆ ಆಸೀನನಾಗುತ್ತಾನೆ. ದರ್ಶನಾರ್ಥಿಗಳಲ್ಲಿ ಎರಡು ವಿಧ. ಮೊದಲನೆಯವರು ‘ನಮ್ಮಜ್ಜನ ಬಳಿ ಇಂಥದ್ದೇ ಇತ್ತು’ ಎನ್ನುತ್ತಾರೆ. ಹೀಗೆ ಹೇಳಿದವರ ಅಜ್ಜಂದಿರನ್ನೆಲ್ಲ ಎಣಿಸಿದರೆ ಆ ಕಂಪನಿಯು ಬೇರೆ ಯಾವ ವಾಹನವನ್ನೂ ತಯಾರಿಸಿರಲಾರದು. ಎರಡನೆಯವರು ಮುಚ್ಚಳದೊಳಗೆ ಇಣುಕಿ, ‘ಓ, ಎಲ್‌ಎಸ್ಸೇ’ ಎಂದು ನಿಟ್ಟುಸಿರು ಬಿಟ್ಟು ಮುಂದೆ ಸಾಗುತ್ತಾರೆ. ಏಳು ವರ್ಷಗಳ ತಪಸ್ಸಿಗೆ ಆ ಎರಡು ಅಕ್ಷರಗಳ ವಿಮರ್ಶೆಯು ಸಾಕಾಗುತ್ತದೆಯೆ ಎಂಬ ಪ್ರಶ್ನೆಯನ್ನು ಅವನು ಹಿಂತಿರುಗುವ ದಾರಿಯುದ್ದಕ್ಕೂ ಚಿಂತಿಸುತ್ತಾನೆ.

ಈಚೆಗೆ ನಾಲ್ಕನೆಯ ಮತವೊಂದು ತಲೆಯೆತ್ತಿದೆ. ಲಾಸ್ ವೇಗಸ್ಸಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಸೀಮಾ ಎಂಬ ಪ್ರದರ್ಶನದಲ್ಲಿ, 2019ರಲ್ಲಿ ಶೆವ್ರೊಲೆ ಕಂಪನಿಯೇ 1962ರ ತನ್ನ ಸಿ-10 ಪಿಕಪ್ಪಿಗೆ ವಿದ್ಯುತ್ ಮೋಟಾರುಗಳನ್ನು ಜೋಡಿಸಿ ತೋರಿಸಿತು. 2021ರಲ್ಲಿ ಫೋರ್ಡ್ ಕಂಪನಿಯು 1978ರ ಎಫ್-100ಕ್ಕೆ ಅದೇ ಸಂಸ್ಕಾರವನ್ನು ಮಾಡಿತು. ಹಳೆಯ ಒಡಲಿಗೆ ಹೊಸ ಜೀವವೆಂಬ ತತ್ತ್ವವನ್ನು ಇಷ್ಟು ಕಾಲ ಬೋಧಿಸಿದ ಜೀರ್ಣೋದ್ಧಾರಕನು ಇದನ್ನು ಸ್ವಾಗತಿಸುವನೆಂದು ಯಾರಾದರೂ ಭಾವಿಸಿದರೆ ಅವರಿಗೆ ಮನುಷ್ಯಸ್ವಭಾವದ ಪರಿಚಯ ಸಾಲದು. ಶಬ್ದವಿಲ್ಲದ, ಪೆಟ್ರೋಲಿನ ವಾಸನೆಯಿಲ್ಲದ ಪಿಕಪ್ಪು ಪಿಕಪ್ಪೇ ಅಲ್ಲವೆಂದೂ, ಹಳೆಯದಕ್ಕೊಂದು ಮರ್ಯಾದೆ ಬೇಡವೆ ಎಂದೂ, ಯಥಾಸ್ಥಿತಿವಾದಿಗಳು ತನಗೆ ಹೇಳಿದ ಮಾತುಗಳನ್ನೇ ಅವನು ಅಕ್ಷರ ವ್ಯತ್ಯಾಸವಿಲ್ಲದೆ ಹೇಳತೊಡಗುತ್ತಾನೆ.

ಇಷ್ಟಾದ ಮೇಲೆ ಉಳಿಯುವುದು, ರಥವೆಂದರೆ ಗಾಲಿಯೆ, ಅಚ್ಚೆ, ನೊಗವೆ ಎಂದು ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನನು ಮಿಲಿಂದ ರಾಜನನ್ನು ಕೇಳುವ ಪ್ರಶ್ನೆ. ಆಕ್ಸಲು, ಗಾಲಿ, ಗೇರುಬಾಕ್ಸು, ಎಂಜಿನ್ನು, ತಂತಿಗಳೆಲ್ಲವೂ ಬದಲಾದ ಮೇಲೆ 1951ರ ಪಿಕಪ್ಪು ಎಲ್ಲಿದೆ? ಈ ಪ್ರಶ್ನೆಗೆ ತತ್ತ್ವಶಾಸ್ತ್ರಕ್ಕಿಂತ ನಿಖರವಾದ ಉತ್ತರವು ಸಾರಿಗೆ ಕಚೇರಿಯಲ್ಲಿ ದೊರೆಯುತ್ತದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಆ ಕಾಲದ ವಾಹನಗಳನ್ನು ಎಂಜಿನ್ನಿನ ಸಂಖ್ಯೆಯಿಂದಲೇ ನೋಂದಾಯಿಸುತ್ತಿದ್ದರು. ಅಂಥ ದಾಖಲೆಯ ಪ್ರಕಾರ, ಮೈದಾನದಲ್ಲಿ ಹೊಳೆಯುತ್ತ ನಿಂತಿರುವುದು ಏನೇ ಆಗಿರಲಿ, ನಿಜವಾದ ಪಿಕಪ್ಪೆಂಬುದು ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲಿನಡಿ ಮರದ ದಿಮ್ಮಿಗಳ ಮೇಲೆ ಕುಳಿತಿರುವ ಆ ಆರು ಸಿಲಿಂಡರಿನ ಕಬ್ಬಿಣದ ಮುದ್ದೆಯೇ.

ಶಂಕರಾಚಾರ್ಯರ ಪರಕಾಯ ಪ್ರವೇಶದ ಐತಿಹ್ಯದಲ್ಲಿ, ಗುರುಗಳು ಅಮರುಕ ರಾಜನ ದೇಹದಲ್ಲಿದ್ದಷ್ಟು ಕಾಲವೂ ಅವರು ಬಿಟ್ಟುಹೋದ ಶರೀರವನ್ನು ಶಿಷ್ಯರು ಕಾದುಕೊಂಡಿದ್ದರಂತೆ. ಇಲ್ಲಿ ಹೊರಗೆ ಉಳಿದಿರುವುದು ದೇಹವಲ್ಲ, ಪ್ರಾಣ. ಅದೇಕೆ ಇನ್ನೂ ಅಲ್ಲಿದೆಯೆಂದು ಕೇಳಿದವರಿಗೆ ಜೀರ್ಣೋದ್ಧಾರಕನು, ಮಾರಬೇಕೆಂದಿದ್ದೇನೆ, ಗಿರಾಕಿ ಸಿಕ್ಕಿಲ್ಲ ಎನ್ನುತ್ತಾನೆ. ಆದರೆ ಪ್ರತಿವರ್ಷವೂ ಹಿಮ ಬೀಳುವ ಮುನ್ನ, ಮನೆಯವರೆಲ್ಲ ಮಲಗಿದ ಮೇಲೆ, ಟಾರ್ಪಾಲನ್ನು ಸರಿಸಿ, ಸ್ಪಾರ್ಕ್ ಪ್ಲಗ್ಗಿನ ಆರು ತೂತುಗಳಿಗೂ ಒಂದೊಂದು ಚಮಚ ಎಣ್ಣೆ ಬಿಟ್ಟು, ಒಳಗೆ ಬಿಗಿದುಕೊಳ್ಳದಿರಲೆಂದು ಅದನ್ನು ಕೈಯಿಂದಲೇ ಅರ್ಧ ಸುತ್ತು ತಿರುಗಿಸಿ, ಮತ್ತೆ ಹೊದಿಸಿ ಬರುತ್ತಾನೆ.